ಪ್ರಮಾದವೂ ಹಿಂಸೆಯೇ: ಆಸ್ಪತ್ರೆಯ ಗಾಳಿ ಮತ್ತು ಹೊಣೆಯ ಪ್ರಶ್ನೆ

ಯಾರೂ ಬಯಸದೆ, ಯಾರ ಕೈಯೂ ನೇರವಾಗಿ ತಾಗದೆ, ಎಲ್ಲರೂ ಹಂಚಿಕೊಂಡು ಉಸಿರಾಡುವ ಗಾಳಿಯ ಮೂಲಕವೇ ಒಬ್ಬ ರೋಗಿಗೆ ಕೇಡು ಒದಗಿದರೆ ಅದನ್ನು ವಿಧಿಯೆನ್ನಬೇಕೆ, ಕರ್ಮಫಲವೆನ್ನಬೇಕೆ, ಇಲ್ಲವೆ ಅದಕ್ಕೆ ಯಾರಾದರೂ ಹೊಣೆ ಹೊರಬೇಕೆ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ವಾರ್ಡು, ಎಲುಬಿನೊಳಗೆ ರಕ್ತಕಣಗಳು ಹುಟ್ಟುವ ಮಜ್ಜೆಯನ್ನು ಬದಲಿಸುವ ಅಸ್ಥಿಮಜ್ಜೆ ಕಸಿಯ ಘಟಕ, ತೀವ್ರ ನಿಗಾ ಘಟಕ, ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಘಟಕ, ಇವುಗಳಲ್ಲಿ ಶಿಲೀಂಧ್ರದ ಸೋಂಕು, ಅಂದರೆ ಬೂಷ್ಟಿನ ಜಾತಿಯ ಜೀವಿಗಳಿಂದ ಉಂಟಾಗುವ ಸೋಂಕು, ಈ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಗುಣವಾಗಲೆಂದು ಬಂದ ಜಾಗದಲ್ಲೇ ಮನುಷ್ಯನಿಗೆ ಕೇಡು ತಗಲುವುದು, ಆ ಕೇಡಿನ ಹಿಂದೆ ದ್ವೇಷವಾಗಲಿ ಉದ್ದೇಶವಾಗಲಿ ಇಲ್ಲದಿರುವುದು, ಆದರೂ ಎಷ್ಟೋ ಸಲ ಅದು ತಪ್ಪಿಸಬಹುದಾದ ಕೇಡಾಗಿರುವುದು, ಈ ಮೂರೂ ಒಂದೆಡೆ ಕೂಡಿದಾಗ ಪಾಪಪುಣ್ಯದ ಸಾಮಾನ್ಯ ಲೆಕ್ಕ ಸಾಲದಾಗುತ್ತದೆ.

ಅಂಕೋಲಾ ಮತ್ತು ಕಾರವಾರದ ಕರಾವಳಿಯಲ್ಲಿ ಈ ಪ್ರಶ್ನೆ ಬರಿಯ ತರ್ಕದ ವಿಷಯವಾಗಿ ಉಳಿಯುವುದಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಿಂದಾಗಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ನೀರು ಬೀಳುವ ಈ ನೆಲದಲ್ಲಿ ಚಪ್ಪಲಿಯ ಮೇಲೆ, ಕಪಾಟಿನ ಪುಸ್ತಕದ ಬೆನ್ನಿನ ಮೇಲೆ, ಚಿರೇಕಲ್ಲಿನ ಗೋಡೆಯ ಒಳಮೈಯಲ್ಲಿ ಬೂಷ್ಟು ಹಿಡಿಯುವುದು ಪ್ರತಿ ಮಳೆಗಾಲದ ಮಾತು. ಹಾಗೆಂದು ಬೂಷ್ಟು ಶತ್ರುವಲ್ಲ. ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ, ಮಣ್ಣಾಗುವುದು, ಕೊಟ್ಟಿಗೆಗೆ ಹಾಸಿದ ಸೊಪ್ಪು ಗೊಬ್ಬರವಾಗಿ ಗದ್ದೆಗೂ ತೋಟಕ್ಕೂ ಸಲ್ಲುವುದು, ಬಿದ್ದ ಮರ ಕರಗಿ ಮುಂದಿನ ಗಿಡಕ್ಕೆ ಆಹಾರವಾಗುವುದು, ಇವೆಲ್ಲ ಶಿಲೀಂಧ್ರಗಳು ನಡೆಸುವ ಕೆಲಸ. ಸತ್ತುದನ್ನು ಮತ್ತೆ ಬದುಕಿನ ಸುತ್ತಿಗೆ ಸೇರಿಸುವ ಈ ಜೀವಿ ಇಲ್ಲದಿದ್ದರೆ ಪಶ್ಚಿಮಘಟ್ಟದ ಕಾಡು ತನ್ನದೇ ಎಲೆಗಳ ರಾಶಿಯಡಿ ಹೂತುಹೋಗುತ್ತಿತ್ತು.

ಆಸ್ಪತ್ರೆಗಳಲ್ಲಿ ಹೆಚ್ಚು ಭಯ ಹುಟ್ಟಿಸುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಜಾತಿಯೂ ಕೊಳೆಯುವ ಎಲೆ, ಹುಲ್ಲು, ಗೊಬ್ಬರಗಳಲ್ಲಿ ಬಾಳುವಂಥದು. ಎಸಿಯ ನೀರು ತೊಟ್ಟಿಕ್ಕಿ ಒದ್ದೆಯಾದ ಚಾವಣಿಯ ಹಲಗೆಯ ಮೇಲೆ ಇಂಥ ಬೂಷ್ಟು ಮೊದಲು ಬಿಳಿಯ ನವಿರು ಎಳೆಗಳಾಗಿ ಹರಡಿ, ಕೆಲವೇ ದಿನಗಳಲ್ಲಿ ನಡುವಿನಿಂದ ಬೂದುಮಿಶ್ರಿತ ಹಸಿರಿಗೆ ತಿರುಗಿ, ಬೆರಳು ತಾಗಿಸಿದರೆ ಹುಡಿಯಾಗಿ ಅಂಟುವಷ್ಟು ಒಣಗುತ್ತದೆ. ಆ ಹುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನೆಟ್ಟಗೆ ನಿಂತ ದಂಟು, ಅದರ ತುದಿಯಲ್ಲಿ ಉಬ್ಬಿದ ತಲೆ, ಆ ತಲೆಯಿಂದ ಸಾಲುಸಾಲಾಗಿ ಹೊರಟ ದುಂಡನೆಯ ಬೀಜಕಣಗಳು ಕಾಣುತ್ತವೆ. ಒಂದೊಂದು ಬೀಜಕಣದ ಅಡ್ಡಳತೆ ಎರಡರಿಂದ ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು ಮಾತ್ರ. ಇಷ್ಟು ಹಗುರವಾದುದರಿಂದ ಅವು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆ, ಇಷ್ಟು ಸಣ್ಣದಾದುದರಿಂದ ಮೂಗು ಗಂಟಲುಗಳನ್ನು ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಪ್ರತಿಯೊಬ್ಬ ಮನುಷ್ಯನೂ ದಿನಕ್ಕೆ ನೂರಾರು ಇಂಥ ಕಣಗಳನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಾನೆ, ಆರೋಗ್ಯವಂತನ ದೇಹ ಅವನ್ನು ಸದ್ದಿಲ್ಲದೆ ನಿವಾರಿಸುತ್ತದೆ.

ಆ ನಿವಾರಣೆಯ ಕೆಲಸದಲ್ಲಿ ಮುಂಚೂಣಿಯಲ್ಲಿರುವುದು ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ರಕ್ತಕಣ. ಕ್ಯಾನ್ಸರಿನ ಕಣಗಳನ್ನು ಕೊಲ್ಲಲೆಂದು ಕೊಡುವ ಕೀಮೋಥೆರಪಿಯು ಮಜ್ಜೆಯಲ್ಲಿ ಹುಟ್ಟುವ ಈ ಕಾವಲುಕಣಗಳನ್ನೂ ಅಳಿಸುವುದರಿಂದ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾವಿರಾರು ಇರಬೇಕಾದ ಅವುಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದು ದಿನಗಟ್ಟಲೆ ಹಾಗೆಯೇ ಉಳಿದರೆ, ಊರಿಗೆಲ್ಲ ನಿರುಪದ್ರವಿಯಾದ ಬೀಜಕಣ ಆ ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಮೊಳೆತು ರಕ್ತನಾಳವನ್ನೇ ಕೊರೆಯಬಲ್ಲದು. ನೈತಿಕ ವಿಚಾರದ ಮೊದಲ ಎಳೆ ಇಲ್ಲಿದೆ: ಈ ರೋಗಿ ದುರ್ಬಲನಾದುದು ರೋಗದಿಂದ ಮಾತ್ರವಲ್ಲ, ಚಿಕಿತ್ಸೆಯಿಂದಲೂ ಹೌದು. ಒಬ್ಬನನ್ನು ಬದುಕಿಸುವುದಕ್ಕಾಗಿ ಅವನ ಕವಚವನ್ನು ಕಳಚಿದ ವೈದ್ಯವಿದ್ಯೆ, ಕವಚ ಮರಳುವವರೆಗೆ ತಾನೇ ಅವನಿಗೆ ಕವಚವಾಗಬೇಕಾದ ಋಣಕ್ಕೆ ಒಳಗಾಗುತ್ತದೆ.

2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೆ ಬಂದ ಮ್ಯೂಕರ್‌ಮೈಕೋಸಿಸ್, ಅಂದರೆ ಜನರು 'ಕಪ್ಪು ಶಿಲೀಂಧ್ರ' ಎಂದು ಕರೆದ ಕಾಯಿಲೆ, ಈ ಋಣದ ಭಾರವನ್ನು ನಾಡಿಗೆಲ್ಲ ತೋರಿಸಿತು. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಸೂಚಿಸಿತು. ಆಂಫೊಟೆರಿಸಿನ್-ಬಿ ಎಂಬ ಔಷಧಿಗಾಗಿ ಕುಟುಂಬಗಳು ಊರೂರು ಅಲೆದವು. ಮಣ್ಣಿನಲ್ಲಿ ಎಂದಿನಿಂದಲೂ ಇದ್ದ ಶಿಲೀಂಧ್ರ ಆ ವರ್ಷ ಹೊಸದಾಗಿ ಕ್ರೂರವಾದುದಲ್ಲ. ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿ ಬಳಕೆಯಾದ ಸ್ಟೀರಾಯ್ಡ್ ಔಷಧಿಗಳು ಅದಕ್ಕೆ ಮನುಷ್ಯದೇಹದ ಬಾಗಿಲನ್ನು ತೆರೆದಿಟ್ಟವು.

ಬಾಗಿಲನ್ನು ಮುಚ್ಚಿಡುವ ವಿಧಾನಗಳು ತಿಳಿಯದವೇನಲ್ಲ. ಅತಿ ದುರ್ಬಲ ರೋಗಿಗಳ ಕೋಣೆಗೆ ಬರುವ ಗಾಳಿಯನ್ನು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯುವ ಹೆಪಾ ಫಿಲ್ಟರಿನ ಮೂಲಕ ಹಾಯಿಸುವುದು, ಕೋಣೆಯ ಗಾಳಿಯನ್ನು ಗಂಟೆಗೆ ಹನ್ನೆರಡು ಸಲವಾದರೂ ಬದಲಿಸುವುದು, ಬಾಗಿಲು ತೆರೆದಾಗ ಗಾಳಿ ಒಳಗಿನಿಂದ ಹೊರಗೇ ಹರಿಯುವಂತೆ ಒಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚಿಗೆ ಇಡುವುದು, ಹತ್ತಿರದಲ್ಲಿ ಗೋಡೆ ಒಡೆಯುವ ಅಥವಾ ಮಣ್ಣು ಅಗೆಯುವ ಕಾಮಗಾರಿ ಇದ್ದರೆ ಧೂಳು ಒಳನುಗ್ಗದಂತೆ ಬಿಗಿಯಾದ ತಡೆ ಕಟ್ಟುವುದು, ಇವು ಎಲ್ಲೆಡೆ ಒಪ್ಪಿತವಾದ ಕ್ರಮಗಳು. ಇವು ಸೋಲುವುದು ಹೆಚ್ಚಾಗಿ ಯಾರ ಕಣ್ಣಿಗೂ ಬೀಳದ ಕಡೆ: ಬದಲಿಸದೆ ಬಿಟ್ಟ ಫಿಲ್ಟರಿನಲ್ಲಿ, ಒರೆಸಿ ಒಣಗಿಸದ ಸೋರಿಕೆಯಲ್ಲಿ, ಮರದ ತುಂಡು ಕೊಟ್ಟು ತೆರೆದಿಟ್ಟ ಬಾಗಿಲಿನಲ್ಲಿ.

ಹಾಸಿಗೆಯ ಬಟ್ಟೆಯ ನಿದರ್ಶನವೊಂದು ಇಲ್ಲಿ ವಿಚಾರಾರ್ಹ. 2008 ಮತ್ತು 2009ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಐವರು ಮಕ್ಕಳು ಚರ್ಮದ ಮ್ಯೂಕರ್‌ಮೈಕೋಸಿಸ್‌ಗೆ ತುತ್ತಾಗಿ ತೀರಿಕೊಂಡಾಗ, ತನಿಖೆ ಕೊನೆಗೆ ಬೊಟ್ಟುಮಾಡಿದ್ದು ತೊಳೆದು ಬಂದ ಹಾಸು ಹೊದಿಕೆಗಳತ್ತ. ನೋಡುವ ಕಣ್ಣಿಗೆ ಶುಭ್ರವಾಗಿದ್ದ ಬಟ್ಟೆಯೇ ಬೀಜಕಣಗಳ ವಾಹನವಾಗಿತ್ತೆಂಬ ಈ ಸಂಗತಿ, ಮಳೆಗಾಲದಲ್ಲಿ ನಾಲ್ಕು ದಿನ ಕಳೆದರೂ ಬಟ್ಟೆ ಒಣಗದ ಕರಾವಳಿಯ ಆಸ್ಪತ್ರೆಗಳಿಗೆ ದೂರದ ಸುದ್ದಿಯಾಗಲಾರದು. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಪಡೆದು ಮೊದಲು ವರ್ಣಿಸಲಾದ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರದ ಬಗೆ ಇನ್ನೂ ಬೇರೆ. ಅದು ಮಂಚದ ಸರಳು, ರಕ್ತದೊತ್ತಡದ ಪಟ್ಟಿ, ಆರೈಕೆ ಮಾಡುವವರ ಕೈ, ಇವುಗಳ ಮೂಲಕ ರೋಗಿಯಿಂದ ರೋಗಿಗೆ ಸಾಗುತ್ತದೆ, ಹಲವು ಔಷಧಿಗಳಿಗೆ ಜಗ್ಗುವುದಿಲ್ಲ. 2021ರಲ್ಲಿ ಭಾರತೀಯ ವಿಜ್ಞಾನಿಗಳು ಅದನ್ನು ಅಂಡಮಾನ್ ದ್ವೀಪಗಳ ಉಪ್ಪುಜೌಗು ಮತ್ತು ಮರಳುದಂಡೆಗಳಲ್ಲಿ ಪತ್ತೆ ಮಾಡಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಹತ್ತೊಂಬತ್ತು ಆದ್ಯತೆಯ ಶಿಲೀಂಧ್ರಗಳ ಪಟ್ಟಿಯಲ್ಲಿ ಇದೂ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಕೂಡ ಅತಿ ಗಂಭೀರ ಗುಂಪಿನಲ್ಲಿವೆ.

ಇಂಥ ಸೋಂಕಿನಿಂದ ಮಗುವನ್ನು ಕಳೆದುಕೊಂಡ ಮನೆಗೆ ಬಂದವರು 'ಅವರವರ ಹಣೆಬರಹ' ಎನ್ನುವುದು ನಮ್ಮ ಸಮಾಜದ ರೂಢಿ. ದುಃಖಿಗಳಿಗೆ ಆ ಮಾತು ಕೊಡುವ ಸಮಾಧಾನವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಸಾವಿನೆದುರು ಕಾರಣಗಳ ಸರಪಳಿ ಎಂದಿಗೂ ಪೂರ್ತಿ ಕೈಗೆ ಸಿಗುವುದಿಲ್ಲ. ಆದರೆ ಅದೇ ಮಾತನ್ನು ಚಿಕಿತ್ಸೆಯ ಹೊಣೆ ಹೊತ್ತವರು ಆಡಿದರೆ ಅದರ ಅರ್ಥ ಬದಲಾಗುತ್ತದೆ, ನೊಂದವರಿಗೆ ಆಸರೆಯಾಗಿದ್ದ ಮಾತು ಹೊಣೆಗಾರರಿಗೆ ಮರೆಯಾಗುತ್ತದೆ. ಪರಂಪರೆಯೇ ಈ ಮರೆಯನ್ನು ಒಪ್ಪಿಲ್ಲವೆಂಬುದಕ್ಕೆ ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಸಾಕ್ಷಿ. ಬೇರೆ ಬೇರೆ ಪ್ರಕೃತಿ, ಆಹಾರ, ವಯಸ್ಸುಗಳುಳ್ಳ ಜನರೆಲ್ಲ ಒಟ್ಟಿಗೆ ರೋಗಕ್ಕೆ ಬಲಿಯಾಗುವುದು ಹೇಗೆ ಎಂದು ಶಿಷ್ಯ ಅಗ್ನಿವೇಶನು ಕೇಳಿದಾಗ ಗುರು ಪುನರ್ವಸು ಆತ್ರೇಯನು ಕೊಡುವ ಉತ್ತರ, ಎಲ್ಲರಿಗೂ ಸಾಮಾನ್ಯವಾದ ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಕೆಡುವುದರಿಂದ ಎಂಬುದು. ಅವು ಕೆಡುವುದರ ಬೇರನ್ನು ಹುಡುಕಿದರೆ ಅಧರ್ಮ, ಅದರ ಹಿಂದೆ ಪ್ರಜ್ಞಾಪರಾಧ, ಅಂದರೆ ತಿಳಿವಿದ್ದೂ ತಪ್ಪು ನಡೆಯುವ ಬುದ್ಧಿಯ ದೋಷ ಎಂಬುದು.

ಅದೇ ಅಧ್ಯಾಯದಲ್ಲಿ ಆಯುಷ್ಯ ಮೊದಲೇ ನಿಶ್ಚಿತವೇ ಎಂಬ ಪ್ರಶ್ನೆಯೂ ಎದ್ದು, ಹಿಂದಿನ ಕರ್ಮವಾದ ದೈವ ಮತ್ತು ಇಂದಿನ ಪ್ರಯತ್ನವಾದ ಪುರುಷಕಾರ ಎರಡರ ಕೂಡಿಕೆಯಿಂದ ಆಯುಷ್ಯ ನಿರ್ಧಾರವಾಗುತ್ತದೆ, ಎಲ್ಲವೂ ನಿಶ್ಚಿತವಾಗಿದ್ದರೆ ಔಷಧಿಗೂ ಪಥ್ಯಕ್ಕೂ ಅರ್ಥವಿರುತ್ತಿರಲಿಲ್ಲ ಎಂಬ ತೀರ್ಮಾನ ಬರುತ್ತದೆ. ಒಳ್ಳೆಯ ಬಂಡಿಯ ಅಚ್ಚು ತನ್ನ ಕಾಲಕ್ಕೆ ಸವೆದು ಮುರಿಯುವುದು ಬೇರೆ, ಮಿತಿಮೀರಿದ ಭಾರದಿಂದಲೋ ಕೆಟ್ಟ ದಾರಿಯಿಂದಲೋ ನಡುವೆಯೇ ಮುರಿಯುವುದು ಬೇರೆ ಎಂಬ ಅಲ್ಲಿನ ಹೋಲಿಕೆ, ಕಾಲಮೃತ್ಯುವನ್ನೂ ಅಕಾಲಮೃತ್ಯುವನ್ನೂ ಬೇರ್ಪಡಿಸುತ್ತದೆ. ಇನ್ನೂ ಗಮನಾರ್ಹವಾದುದು ಅದೇ ಗ್ರಂಥದ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯ. ರೋಗಿಗಾಗಿ ಕಟ್ಟುವ ಮನೆ ಗಟ್ಟಿಯಾಗಿರಬೇಕು, ಬೀಸುಗಾಳಿಗೆ ಒಡ್ಡಿಕೊಳ್ಳದೆ ಒಂದು ಭಾಗದಲ್ಲಿ ಮಾತ್ರ ಗಾಳಿಯಾಡುವಂತಿರಬೇಕು, ಹೊಗೆ, ಬಿಸಿಲು, ನೀರು, ಧೂಳು ಒಳಗೆ ಬರಬಾರದು ಎಂದು ಅದು ವಿಧಿಸುತ್ತದೆ. ಬೀಜಕಣವನ್ನು ಕಾಣದ ಕಾಲದಲ್ಲೂ ರೋಗಿಯ ಕೋಣೆಯ ಗಾಳಿ ಕಟ್ಟಿದವನ ಹೊಣೆ ಎಂಬುದು ಸ್ಪಷ್ಟವಾಗಿತ್ತು.

ಹೊಣೆಯ ಪ್ರಶ್ನೆಗೆ ಕರ್ಮದ ವಿಚಾರ ಕೊಡುವುದು ಒಂದು ಉತ್ತರವಾದರೆ, ಎರಡನೆಯ ಉತ್ತರ ಶುದ್ಧಿಯ ಕಲ್ಪನೆಯಿಂದ ಬರುತ್ತದೆ. ಕರಾವಳಿಯ ಮನೆಗಳಲ್ಲಿ ಮಡಿ ಮೈಲಿಗೆಯ ವಿಚಾರ ಎಷ್ಟು ಆಳವಾಗಿ ಬೇರೂರಿತ್ತೆಂದರೆ, ಆಸ್ಪತ್ರೆಯ ನೈರ್ಮಲ್ಯವನ್ನೂ ಅದರದೇ ಮುಂದುವರಿಕೆಯೆಂದು ತಿಳಿಯುವವರಿದ್ದಾರೆ. ಈ ತಿಳಿವು ಸರಿಯಲ್ಲ. ಮಡಿಯುಟ್ಟವನು ಇತರರ ಸ್ಪರ್ಶದಿಂದ ತನ್ನನ್ನು ಕಾಯ್ದುಕೊಳ್ಳುತ್ತಾನೆ, ದುರ್ಬಲ ರೋಗಿಯ ಕೋಣೆಗೆ ಹೋಗುವ ದಾದಿ ತನ್ನ ಸ್ಪರ್ಶದಿಂದ ಇನ್ನೊಬ್ಬನನ್ನು ಕಾಯುತ್ತಾಳೆ. ಮೊದಲನೆಯದರಲ್ಲಿ ಬಲವಿದ್ದವನ ಶುದ್ಧಿಗಾಗಿ ಬಲವಿಲ್ಲದವನು ದೂರ ನಿಲ್ಲಬೇಕಾಗಿ ಬಂದ ಇತಿಹಾಸವಿದೆ, ಎರಡನೆಯದರಲ್ಲಿ ಬಲವಿಲ್ಲದವನಿಗಾಗಿ ಬಲವಿದ್ದವನು ಕೈತೊಳೆಯುತ್ತಾನೆ. ಒದ್ದೆಯಾಗಿಯೇ ಉಟ್ಟ ಮಡಿಬಟ್ಟೆ ಆಚಾರದ ಲೆಕ್ಕದಲ್ಲಿ ಶುದ್ಧ, ಶಿಲೀಂಧ್ರದ ಲೆಕ್ಕದಲ್ಲಿ ಅದೇ ತೇವವೇ ನೆಲೆ. ಶುದ್ಧಿಯ ಅಳತೆಗೋಲು ಹೇಸಿಗೆಯಿಂದ ಕರುಣೆಗೆ ಬದಲಾಗದ ಹೊರತು ಎಷ್ಟು ತೊಳೆದರೂ ಅದು ಧರ್ಮವಾಗುವುದಿಲ್ಲ.

ಕಾರವಾರದ ಕಡಲತೀರದಲ್ಲೇ ಹುಟ್ಟಿದ ಒಂದು ಕೃತಿಯೂ ದೂರವಿರುವಿಕೆಯ ಈ ವಿಚಾರಕ್ಕೆ ಒದಗುತ್ತದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ 1883ರಲ್ಲಿ ಅಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ತಮ್ಮ 22ನೆಯ ವಯಸ್ಸಿನಲ್ಲಿ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಲೋಕದ ಎಲ್ಲ ಬಂಧಗಳನ್ನು ಕಡಿದುಕೊಂಡು ಗುಹೆಯಲ್ಲಿ ಸಿದ್ಧಿ ಪಡೆದೆನೆಂದುಕೊಂಡ ಸಂನ್ಯಾಸಿಯನ್ನು, ಊರವರು ಮುಟ್ಟಲೊಲ್ಲದ ಅನಾಥ ಬಾಲಕಿಯೊಬ್ಬಳು ಮಮತೆಯಿಂದ ಕಟ್ಟಿಹಾಕುತ್ತಾಳೆ. ಅವನು ಅವಳನ್ನು ತೊರೆದು ಹೋಗಿ, ಮನಸ್ಸು ಕರಗಿ ಹಿಂತಿರುಗುವ ಹೊತ್ತಿಗೆ ಅವಳು ಇಲ್ಲವಾಗಿರುತ್ತಾಳೆ. ತನ್ನ ಸಲುವಾಗಿ ಏಕಾಂತವನ್ನು ಅರಸಿದವನ ಸೋಲು ಈ ಕಥೆಯಲ್ಲಿದೆ. ಫಿಲ್ಟರು ಹಾಕಿದ ಕೋಣೆಯಲ್ಲಿ ವಾರಗಟ್ಟಲೆ ಮಲಗುವ ಮಗುವಿನ ಏಕಾಂತ ಮಾತ್ರ ಬೇರೆ ಬಗೆಯದು, ಇತರರು ಅದರ ಪ್ರಾಣಕ್ಕಾಗಿ ಕಟ್ಟಿಕೊಟ್ಟಿದ್ದು. ಗಾಜಿನ ಆಚೆ ನಿಂತ ತಾಯಿ ಒಳಗೆ ಹೋಗದಿರುವುದು ಅವಳ ಪ್ರೀತಿಯ ಕೊರತೆಯಲ್ಲ. ಹಾಗಿದ್ದರೂ ಏಕಾಂತ ಏಕಾಂತವೇ ಆದುದರಿಂದ ಗಾಳಿಯನ್ನು ಸೋಸುವಷ್ಟೇ ಶ್ರದ್ಧೆಯಿಂದ ಮಾತು, ಧ್ವನಿ, ನೋಟಗಳನ್ನು ಒಳಗೆ ಮುಟ್ಟಿಸುವುದೂ ಆ ಘಟಕದ ಕರ್ತವ್ಯವಾಗುತ್ತದೆ.

ಹೊಣೆಯ ಪ್ರಶ್ನೆಗೆ ಅತ್ಯಂತ ಖಚಿತವಾದ ಉತ್ತರ ಕೊಡುವುದು ಜೈನ ದರ್ಶನ. ಗೇರುಸೊಪ್ಪೆ, ಹಾಡುವಳ್ಳಿ, ಸ್ವಾದಿಗಳ ಮೂಲಕ ಉತ್ತರ ಕನ್ನಡದ ನೆಲದಲ್ಲಿ ಶತಮಾನಗಳ ಕಾಲ ಬಾಳಿದ ಈ ದರ್ಶನ, ಹಿಂಸೆಯನ್ನು ಕೊಲ್ಲುವ ಉದ್ದೇಶಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ವ್ಯಾಖ್ಯೆಯಲ್ಲಿ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಕೇಂದ್ರದಲ್ಲಿರಿಸುತ್ತದೆ. ಕುಂದಕುಂದ, ಅಮೃತಚಂದ್ರರಂಥ ಆಚಾರ್ಯರು ಅದನ್ನು ಇನ್ನೂ ಮುಂದಕ್ಕೆ ಒಯ್ದು, ಜೀವ ಸಾಯಲಿ ಸಾಯದಿರಲಿ ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ತಪ್ಪದು, ಎಚ್ಚರದಿಂದ ನಡೆದವನಿಗೆ ಜೀವಹಾನಿಯಾದರೂ ಹಿಂಸೆಯ ದೋಷವಿಲ್ಲ ಎಂಬ ನಿಲುವಿಗೆ ಬರುತ್ತಾರೆ. ಆಸ್ಪತ್ರೆಗೆ ಅನ್ವಯಿಸಿದರೆ ಇದರ ಪರಿಣಾಮ ದೊಡ್ಡದು. ತಿಂಗಳುಗಟ್ಟಲೆ ಫಿಲ್ಟರು ಬದಲಿಸದ ಘಟಕದಲ್ಲಿ ಈ ವರ್ಷ ಯಾರೂ ಸಾಯಲಿಲ್ಲವೆಂಬುದು ಸಮರ್ಥನೆಯಾಗದು, ಹಿಂಸೆ ಆಗಲೇ ನಡೆದಿದೆ. ಮಾಡಬೇಕಾದುದೆಲ್ಲವನ್ನೂ ಮಾಡಿಯೂ ರೋಗಿಯನ್ನು ಉಳಿಸಿಕೊಳ್ಳಲಾಗದ ವೈದ್ಯೆ ದುಃಖಿಸಬಹುದು, ಅಪರಾಧಿಯೆಂದು ಕುಗ್ಗಬೇಕಿಲ್ಲ. ಜೈನ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳು, ಅಂದರೆ ನಡೆಯುವುದರಲ್ಲಿ, ಮಾತಿನಲ್ಲಿ, ಆಹಾರ ಸ್ವೀಕಾರದಲ್ಲಿ, ವಸ್ತುವನ್ನು ಎತ್ತಿ ಇಡುವುದರಲ್ಲಿ, ತ್ಯಾಜ್ಯವನ್ನು ಬಿಡುವುದರಲ್ಲಿ ಪಾಲಿಸಬೇಕಾದ ಎಚ್ಚರಗಳು, ಅತಿ ದುರ್ಬಲ ರೋಗಿಗಳ ಘಟಕದ ದಿನಚರಿಗೆ ಒಂದೊಂದಾಗಿ ಹೊಂದುತ್ತವೆ.

ಇದಕ್ಕೊಂದು ಗಂಭೀರವಾದ ಆಕ್ಷೇಪವಿದೆ. ಅದೇ ಜೈನ ಚಿಂತನೆ ಬೂಷ್ಟು ಅಣಬೆಗಳನ್ನೂ ಅನಂತಕಾಯವೆಂದು, ಅಂದರೆ ಒಂದೇ ದೇಹದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ನೆಲೆಸಿದ ರೂಪವೆಂದು ಎಣಿಸುತ್ತದೆ. ಹಾಗಾದರೆ ರೋಗಿಯನ್ನು ಉಳಿಸಲು ಗೋಡೆಯ ಬೂಷ್ಟನ್ನು ಕ್ಲೋರಿನ್ನಿನಿಂದ ಅಳಿಸುವುದು ಹಿಂಸೆಯಲ್ಲವೆ? ಗೃಹಸ್ಥನ ಬದುಕಿನಲ್ಲಿ ರಕ್ಷಣೆಗಾಗಿ ಅನಿವಾರ್ಯವಾಗುವ ಹಿಂಸೆಗೂ ಸಂಕಲ್ಪಪೂರ್ವಕ ಹಿಂಸೆಗೂ ಅಂತರವಿದೆಯೆಂಬುದು ಇದಕ್ಕೆ ಸಿದ್ಧವಿರುವ ಸಮಾಧಾನ. ಅದಕ್ಕಿಂತ ಆಳವಾದ ಸಮಾಧಾನ ಜೈನರ ಅಡುಗೆಮನೆಯ ಶಿಸ್ತಿನಲ್ಲಿದೆ. ಅಲ್ಲಿ ಹಳಸಿದ ಆಹಾರದ ಬೂಷ್ಟನ್ನು ಕೊಂದು ಬಳಸುವ ಮಾತಿಲ್ಲ, ಬೂಷ್ಟು ಹುಟ್ಟುವ ಅವಕಾಶವೇ ಇಲ್ಲದಂತೆ ಕಾಲಮಿತಿಯೊಳಗೆ ಉಣ್ಣುವ, ಒಣಗಿಸಿ ಇಡುವ, ಶೋಧಿಸಿ ಬಳಸುವ ನಿಯಮವಿದೆ. ಸೋರಿಕೆಯನ್ನು ಅದೇ ದಿನ ನಿಲ್ಲಿಸಿ, ಒದ್ದೆಯಾದುದನ್ನು ಕೂಡಲೆ ಒಣಗಿಸಿದ ಆಸ್ಪತ್ರೆ ಶಿಲೀಂಧ್ರವನ್ನೂ ಕೊಲ್ಲುವುದಿಲ್ಲ, ರೋಗಿಯನ್ನೂ ಸಾಯಬಿಡುವುದಿಲ್ಲ. ಮುನ್ನೆಚ್ಚರಿಕೆ ಎರಡೂ ಜೀವಗಳಿಗೆ ಸಲ್ಲುವ ಅಹಿಂಸೆ. ಅದನ್ನು ತಪ್ಪಿದವನಿಗೆ ಮಾತ್ರ ಯಾವ ಜೀವವನ್ನು ಆರಿಸಬೇಕೆಂಬ ಸಂಕಟ ಎದುರಾಗುತ್ತದೆ.

ಭಕ್ತಿಯ ಆಚರಣೆಗೂ ಈ ಎಚ್ಚರ ಅನ್ವಯಿಸುತ್ತದೆ. ಅಂಕೋಲೆಯ ಶಾಂತಾದುರ್ಗೆಗೋ ವೆಂಕಟರಮಣನಿಗೋ ಹರಕೆ ಹೊತ್ತ ಮನೆಯವರು ಪ್ರಸಾದದ ಹೂವು, ತುಳಸಿ, ತೀರ್ಥಗಳನ್ನು ರೋಗಿಯ ದಿಂಬಿನ ಬಳಿ ಇಡಬಯಸುವುದು ಸಹಜ. ಆದರೆ ಹಸಿ ಹೂವು, ಕುಂಡದ ಮಣ್ಣು, ನಿಂತ ನೀರು ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ನೆಲೆಯಾಗುವುದರಿಂದ ಇಂಥ ಘಟಕಗಳು ಅವನ್ನು ಒಳಗೆ ಬಿಡುವುದಿಲ್ಲ. ಅದನ್ನು ದೇವರಿಗೆ ಮಾಡಿದ ಅಪಚಾರವೆಂದು ನೊಂದುಕೊಳ್ಳಬೇಕಾಗಿಲ್ಲ, ಏಕೆಂದರೆ ವಸ್ತುವಿಲ್ಲದೆ ಮನಸ್ಸಿನಲ್ಲೇ ಸಲ್ಲಿಸುವ ಮಾನಸಪೂಜೆಯನ್ನು ಆಗಮ ಪರಂಪರೆಗಳು ಕೀಳೆಂದು ಕಂಡಿಲ್ಲ. ಹೂವು ತೀರ್ಥಗಳನ್ನು ನಿಷ್ಠುರವಾಗಿ ತಡೆಯದೆ ಮನೆಯವರಿಗೆ ಕಾರಣ ಬಿಡಿಸಿ ಹೇಳುವ ಸಿಬ್ಬಂದಿಯೂ, ಹೂವಿಗೆ ಬದಲಾಗಿ ಪ್ರಾರ್ಥನೆಯನ್ನಷ್ಟೇ ಕಳಿಸಿರೆಂದು ಹೇಳುವ ಅರ್ಚಕರೂ ಒಂದೇ ಧರ್ಮವನ್ನು ನಡೆಸುತ್ತಾರೆ.

ಎಚ್ಚರದ ಹೊಣೆ ಆಸ್ಪತ್ರೆಯ ಗೋಡೆಗೆ ಮುಗಿಯುವುದಿಲ್ಲ. ಜಿಲ್ಲಾಕೇಂದ್ರವಾದ ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿದ್ದರೂ, ಉನ್ನತ ಚಿಕಿತ್ಸೆಗಾಗಿ ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿಗಳ ದಾರಿ ಹಿಡಿಯುವುದು ತಪ್ಪಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು 2022ರಲ್ಲಿ ಬೀದಿಗಿಳಿದ ಚಳವಳಿಯೇ ಆಯಿತು. ಅಂಕೋಲೆಯಿಂದ ಹುಬ್ಬಳ್ಳಿಗೆ ಅರಬೈಲು ಘಟ್ಟವೇರಿ ಸುಮಾರು 130 ಕಿಲೋಮೀಟರ್ ಸಾಗಿ ಕೀಮೋಥೆರಪಿ ಪಡೆದವನು ಎರಡು ಸುತ್ತುಗಳ ನಡುವೆ ಮರಳುವುದು ಮಳೆಗಾಲದ ಮನೆಗೆ, ಪಕ್ಕದಲ್ಲೇ ಹುಲ್ಲು ತುಂಬಿದ ಕೊಟ್ಟಿಗೆ ಇರುವ, ಗೋಡೆ ತಂಪು ಹಿಡಿದಿರುವ ಮನೆಗೆ. ರಕ್ತಕಣ ಇಳಿದಿರುವ ಆ ದಿನಗಳಲ್ಲಿ ಆ ಮನೆಯೇ ಘಟಕ. ಗೊಬ್ಬರ ಕೆದಕುವ, ಹಳೆಯ ಗೋಡೆ ಕೆರೆಯುವ, ಅಟ್ಟ ಗುಡಿಸುವ ಕೆಲಸಗಳಿಂದ ರೋಗಿಯನ್ನು ದೂರವಿರಿಸಬೇಕೆಂದೂ, ಜ್ವರ ಕಾಣಿಸಿದರೆ ಬೆಳಗಿನವರೆಗೆ ಕಾಯಬಾರದೆಂದೂ ತಿಳಿಸಿ ಕಳಿಸದ ಚಿಕಿತ್ಸೆ ಅರ್ಧ ಚಿಕಿತ್ಸೆ, ಆ ರಾತ್ರಿ ಹೋಗಿ ಸೇರಲು ಹತ್ತಿರದಲ್ಲಿ ಒಂದು ಜಾಗವನ್ನು ಒದಗಿಸದ ಆಡಳಿತದ್ದೂ ಪ್ರಮಾದವೇ.

ಇಷ್ಟು ಜನರ ನಡುವೆ ಹಂಚಿಹೋದ ಹೊಣೆ ಕೊನೆಗೆ ಯಾರದೂ ಅಲ್ಲದಂತಾಗುವ ಅಪಾಯ ನಿಜ. ಗುತ್ತಿಗೆದಾರ, ಎಂಜಿನಿಯರ್, ಬಟ್ಟೆ ತೊಳೆಯುವವರು, ನೆಲ ಒರೆಸುವವರು, ಅನುದಾನ ಬಿಡುಗಡೆ ಮಾಡುವ ಅಧಿಕಾರಿ, ಇವರಲ್ಲಿ ತಪ್ಪು ತಾಗುವುದು ಬಹುತೇಕ ಅತಿ ಕಡಿಮೆ ಸಂಬಳದವರಿಗೇ. ಇಂಥ ದಂಡನೆಯ ಭಯ ಹೆಚ್ಚಿದಷ್ಟೂ ಗಾಳಿಯ ಪರೀಕ್ಷೆ ನಿಲ್ಲುತ್ತದೆ, ಸೋರಿಕೆ ವರದಿಯಾಗುವುದಿಲ್ಲ, ಸೋಂಕಿನ ಹೆಸರು ಕಡತದಿಂದ ಮಾಯವಾಗುತ್ತದೆ. ಆದುದರಿಂದ ತಪ್ಪುಹೊರಿಸುವುದಕ್ಕೂ ಹೊಣೆಹೊರುವುದಕ್ಕೂ ಇರುವ ಅಂತರವನ್ನು ಸಂಸ್ಥೆಗಳು ಕಲಿಯಬೇಕು. ಚಾವಣಿಯಲ್ಲಿ ಕಲೆ ಕಂಡ ಕೂಡಲೆ ಕೆಲಸದಾಕೆ ಹೆದರಿಕೆಯಿಲ್ಲದೆ ಹೇಳುವಂತಿರಬೇಕು, ಅವಳ ಮಾತು ಅದೇ ದಿನ ಎಂಜಿನಿಯರನ್ನು ಮುಟ್ಟಬೇಕು, ಸೋಂಕು ತಗುಲಿದ್ದರೆ ಆ ಸತ್ಯವನ್ನು ಕುಟುಂಬಕ್ಕೆ ತಿಳಿಸಬೇಕು. ನೊಂದವರಿಗೆ ನಿಜವನ್ನು ಮುಚ್ಚಿಡುವುದು ಮೊದಲ ಪ್ರಮಾದದ ಮೇಲೆ ಎಸಗುವ ಎರಡನೆಯ ಹಿಂಸೆ.

ಕರ್ಮ, ಶುದ್ಧಿ, ಅಹಿಂಸೆ ಎಂಬ ಮೂರು ದಾರಿಗಳಿಂದ ನಡೆದ ವಿಚಾರ ಹೀಗೆ ಒಂದೇ ನೆಲೆಗೆ ಬಂದು ಸೇರುತ್ತದೆ. ಪ್ರಕೃತಿಗೆ ದ್ವೇಷವಿಲ್ಲ, ಕರುಣೆಯೂ ಇಲ್ಲ; ಕರುಣೆಯನ್ನು ಗಾಳಿಯೊಳಗೆ ತರಬಲ್ಲವನು ಮನುಷ್ಯ ಮಾತ್ರ, ಅವನು ತರಬಲ್ಲ ಬಗೆಯೆಂದರೆ ಎಚ್ಚರ. ತಿಳಿದಿದ್ದ ಕ್ರಮಗಳನ್ನೆಲ್ಲ ನಡೆಸಿ, ಒದಗಿಸಬೇಕಾದುದನ್ನೆಲ್ಲ ಒದಗಿಸಿ, ಆಮೇಲೂ ಬಂದ ಸಾವನ್ನು ವಿಧಿಯೆಂದು ಕರೆದು ತಲೆಬಾಗಬಹುದು. ಅದಕ್ಕೆ ಮೊದಲು ಆ ಮಾತನ್ನು ಆಡುವ ಅಧಿಕಾರ ಆಸ್ಪತ್ರೆಗೂ ಇಲ್ಲ, ಸರ್ಕಾರಕ್ಕೂ ಇಲ್ಲ, ಸಮಾಜಕ್ಕೂ ಇಲ್ಲ.